ಎಚ್-1ಬಿ ನವೀಕರಣ: ನೋಡಬೇಕಾದ ತಾರೀಖು ಯಾವುದು?

ಅಮೆರಿಕಕ್ಕೆ ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಹೊಸದಾಗಿ ಬಂದಿರುವವರು ನವೀಕರಣದ ಮಾತು ಬಂದಾಗಲೆಲ್ಲ ಪಾಸ್‌ಪೋರ್ಟ್ ತೆರೆದು, ಅದಕ್ಕೆ ಅಂಟಿಸಿರುವ ವೀಸಾದ ತಾರೀಖನ್ನು ತೋರಿಸುತ್ತಾರೆ. ನಾನೂ ನಾಲ್ಕು ವರ್ಷ ಅದನ್ನೇ ನಂಬಿಕೊಂಡಿದ್ದೆ. ಆ ವೀಸಾ ಇರುವುದು ಗಡಿಯಲ್ಲಿ ಬಂದು ನಿಲ್ಲುವುದಕ್ಕೆ ಮಾತ್ರ. ಒಳಗೆ ಬಂದ ಮೇಲೆ ಎಷ್ಟು ದಿನ ಇರಬಹುದೆಂದು ಹೇಳುವುದು ಐ-94 ಎಂಬ ದಾಖಲೆ. ನನಗೆ ಇದು ಅರ್ಥವಾದದ್ದು 2018ರ ಜುಲೈನಲ್ಲಿ, ಡ್ರೈವಿಂಗ್ ಲೈಸೆನ್ಸ್ ಕೌಂಟರಿನ ಮುಂದೆ.

ಅದಕ್ಕೆ ಒಂದೂವರೆ ವರ್ಷ ಮುಂಚೆ ಊರಿಗೆ ಹೋಗಿ ಮರಳಿದ್ದೆವು. ಕೈಯಲ್ಲಿದ್ದ ಎಚ್-1ಬಿ ಅನುಮೋದನೆ ಪತ್ರ 2019ರ ಕೊನೆಯವರೆಗೆ ಇತ್ತು. ಆದರೆ ನನ್ನ ಮತ್ತು ನನ್ನ ಹೆಂಡತಿಯ ಪಾಸ್‌ಪೋರ್ಟ್‌ಗಳನ್ನು ಮದುವೆಯಾದ ಹೊಸತರಲ್ಲಿ, 2008ರಲ್ಲಿ, ಒಟ್ಟಿಗೇ ಮಾಡಿಸಿದ್ದರಿಂದ ಅವೆರಡೂ 2018ರ ಆಗಸ್ಟ್‌ನಲ್ಲಿ ಮುಗಿಯುವಂತಿದ್ದವು. ವಿಮಾನ ನಿಲ್ದಾಣದ ಅಧಿಕಾರಿ ನಮ್ಮಿಬ್ಬರಿಗೂ ಅಲ್ಲಿಯವರೆಗೆ ಮಾತ್ರ ಇರಲು ಅನುಮತಿ ಕೊಟ್ಟು, ಮುದ್ರೆಯ ಮೇಲೆ ಆ ತಾರೀಖನ್ನು ಪೆನ್ನಿನಲ್ಲಿ ಬರೆದಿದ್ದರು. ನಿದ್ದೆಗೆಟ್ಟ ಮಗಳನ್ನು ಹೆಗಲ ಮೇಲೆ ಹಾಕಿಕೊಂಡಿದ್ದ ನಾನು ಅದನ್ನು ಓದಲಿಲ್ಲ. ಮುಂದೆ ಹೊಸ ಪಾಸ್‌ಪೋರ್ಟ್ ಮಾಡಿಸಿ, ಕೆಲಸ ಮುಗಿಯಿತೆಂದು ಹಾಯಾಗಿದ್ದೆ. ಪಾಸ್‌ಪೋರ್ಟ್ ಹೊಸದಾದ ಮಾತ್ರಕ್ಕೆ ಐ-94 ತಾನಾಗಿ ಮುಂದಕ್ಕೆ ಹೋಗುವುದಿಲ್ಲವೆಂದು, ಅನುಮೋದನೆ ಪತ್ರದಲ್ಲಿ ಏನೇ ಇದ್ದರೂ ಅದರ ನಂತರ ಗಡಿಯಲ್ಲಿ ಕೊಟ್ಟ ತಾರೀಖೇ ಲೆಕ್ಕಕ್ಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಕೌಂಟರಿನಲ್ಲಿದ್ದ ಮಹಿಳೆ ಪರದೆಯನ್ನು ನೋಡಿ, ನಿಮ್ಮ ಐ-94 ಇರುವಷ್ಟು, ಅಂದರೆ ಹತ್ತೊಂಬತ್ತು ದಿನದ ಲೈಸೆನ್ಸ್ ಮಾತ್ರ ಕೊಡಬಹುದು ಎಂದಾಗ, ಕಂಪ್ಯೂಟರ್ ಕೆಟ್ಟಿರಬೇಕೆಂದು ಅವರೊಡನೆ ವಾದಕ್ಕಿಳಿದವನು ನಾನು.

ಕಂಪನಿಯ ವಕೀಲರು ತಾರೀಖಿಗೆ ಮುಂಚೆಯೇ ವಿಸ್ತರಣೆಯ ಅರ್ಜಿ ಹಾಕಿದರು. ಹಾಗೆ ಅವಧಿಯೊಳಗೆ ಹಾಕಿದರೆ, ತೀರ್ಮಾನ ಬಾರದಿದ್ದರೂ ಅದೇ ಕಂಪನಿಯಲ್ಲಿ 240 ದಿನಗಳವರೆಗೆ ಕೆಲಸ ಮಾಡಬಹುದೆಂಬ ನಿಯಮ ನನ್ನನ್ನು ಉಳಿಸಿತು. ಎರಡನೆಯ ತಪ್ಪು ಇಲ್ಲಿಂದ ಶುರು. ರೇಷನ್ ಕಾರ್ಡಿನಲ್ಲಿ ಮನೆಮಂದಿಯ ಹೆಸರೆಲ್ಲ ಒಂದೇ ಕಡೆ ಇರುವಂತೆ, ನನ್ನ ಅರ್ಜಿ ಹೋಯಿತೆಂದರೆ ಮನೆಯವರದೂ ಹೋಯಿತೆಂದೇ ಭಾವಿಸಿದ್ದೆ. ಎಚ್-4ರಲ್ಲಿರುವವರಿಗೆ, ಅಂದರೆ ಎಚ್-1ಬಿಯವರ ಸಂಗಾತಿ ಮತ್ತು ಮಕ್ಕಳಿಗೆ, ಐ-539 ಎಂಬ ಬೇರೆಯೇ ಅರ್ಜಿ ಬೇಕು, ಅದನ್ನು ಕೇಳದೆ ಯಾರೂ ಹಾಕುವುದಿಲ್ಲ. ಎರಡು ದಿನ ಉಳಿದಿರುವಾಗ ಹೆಂಡತಿಯ ಅರ್ಜಿ ಹೋಯಿತು. ತೀರ್ಮಾನ ಬರಲು ಏಳು ತಿಂಗಳಾಯಿತು. ಅಷ್ಟೂ ಕಾಲ ಆಕೆಗೆ ಲೈಸೆನ್ಸ್ ಇರಲಿಲ್ಲ. ಬಸ್ಸು ಕಾಣದ ಊರಿನಲ್ಲಿ ಕಾರು ಓಡಿಸಲಾಗದೆ ಕೂತವಳಿಗೆ ಮನೆಯೇ ಜೈಲಾಯಿತು. ಮಗಳಿಗೆ ಆಗ ಏಳು ವರ್ಷ. ನಲವತ್ತು ಮೈಲಿ ದೂರದ ಭಾನುವಾರದ ಕನ್ನಡ ತರಗತಿಗೆ ಕರೆದುಕೊಂಡು ಹೋಗುತ್ತಿದ್ದವಳು ಹೆಂಡತಿ. ನಾನು ಆ ದಿನಗಳಲ್ಲಿ ವಾರಾಂತ್ಯವೂ ಕೆಲಸ ಮಾಡುತ್ತಿದ್ದೆ. ಒತ್ತಕ್ಷರದವರೆಗೆ ಬಂದಿದ್ದ ಮಗಳು ಅಲ್ಲಿಗೇ ನಿಂತಳು. ಲೈಸೆನ್ಸ್ ಬಂದಾಗ ಅವಳ ಜೊತೆಯವರು ಮುಂದೆ ಹೋಗಿದ್ದರು, ಅವಳಿಗೂ ಹೋಗಲು ಮನಸ್ಸಿರಲಿಲ್ಲ.

ಆದ್ದರಿಂದ ಪ್ರತಿ ಸಲ ಗಡಿ ದಾಟಿ ಬಂದ ಮರುದಿನವೇ ಮನೆಯ ಪ್ರತಿಯೊಬ್ಬರ ಐ-94 ಅನ್ನೂ ಸರ್ಕಾರಿ ಜಾಲತಾಣದಲ್ಲಿ ತೆಗೆದು ನೋಡಿ; ವಿಮಾನದಲ್ಲಿ ಬರುವವರಿಗೆ ಕಾಗದದ ಚೀಟಿ ಕೊಡುವ ಪದ್ಧತಿ 2013ರಲ್ಲೇ ನಿಂತಿತು. ಅವಧಿ ಮುಗಿಯುವ ಆರು ತಿಂಗಳು ಮುಂಚಿನಿಂದ ಕಂಪನಿ ವಿಸ್ತರಣೆಗೆ ಅರ್ಜಿ ಹಾಕಬಹುದು, ಆ ದಿನವೇ ಕೇಳಲು ಶುರುಮಾಡಿ. ಸಂಬಳದ ಚೀಟಿ, ವರ್ಷದ ಸಂಬಳ-ತೆರಿಗೆಯ ಲೆಕ್ಕ ತೋರಿಸುವ ಡಬ್ಲ್ಯು-2, ಹಳೆಯ ಅನುಮೋದನೆ ಪತ್ರಗಳು ಒಂದೇ ಫೈಲಿನಲ್ಲಿರಲಿ. ಕೊನೆಯ ದಿನ ಕರೆಂಟ್ ಬಿಲ್ ಕಟ್ಟಿ ಬಂದವರು ನಾವು. ಆ ಅಭ್ಯಾಸ ಇಲ್ಲಿ ನಡೆಯದು.

ನಿಯಮಗಳಂತೂ 2025ರಲ್ಲಿ ಒಂದರ ಹಿಂದೊಂದು ಬದಲಾದವು. ಸೆಪ್ಟೆಂಬರ್ 2ರಿಂದ ನಮ್ಮಂಥವರಿಗೆ ಸಂದರ್ಶನವಿಲ್ಲದೆ ವೀಸಾ ನವೀಕರಿಸಿಕೊಳ್ಳುವ ಡ್ರಾಪ್‌ಬಾಕ್ಸ್ ಸೌಲಭ್ಯ ತಪ್ಪಿತು. ಪಾಸ್‌ಪೋರ್ಟಿಗೆ ಹೊಸ ವೀಸಾ ಅಂಟಿಸಿಕೊಳ್ಳಲು, ಅಂದರೆ ಸ್ಟಾಂಪಿಂಗ್‌ಗೆ, ಮೂರನೆಯ ದೇಶಕ್ಕೆ ಹೋಗಿಬರುವ ದಾರಿಯೂ ಅದೇ ವಾರ ಹೆಚ್ಚುಕಡಿಮೆ ಮುಚ್ಚಿತು. ಅಕ್ಟೋಬರ್ 30ರಿಂದ ಎಚ್-4 ಕೆಲಸದ ಪರವಾನಗಿಗೆ ಸಿಗುತ್ತಿದ್ದ 540 ದಿನಗಳ ತಾನಾಗಿ ಆಗುವ ವಿಸ್ತರಣೆ ಹೊಸ ಅರ್ಜಿಗಳಿಗೆ ಇಲ್ಲವಾಯಿತು. ಡಿಸೆಂಬರ್ 15ರಿಂದ ಸಾಮಾಜಿಕ ಜಾಲತಾಣಗಳ ತಪಾಸಣೆ ಸೇರಿಕೊಂಡು, ರಜೆಗೆಂದು ಊರಿಗೆ ಹೋದ ಎಷ್ಟೋ ಮಂದಿಯ ಸಂದರ್ಶನ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು. ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂದ ಸೆಪ್ಟೆಂಬರ್ 19ರ ರಾತ್ರಿ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೂ ಮಲಗಲಿಲ್ಲ. ಅಮೆರಿಕದಲ್ಲಿದ್ದುಕೊಂಡೇ ವಿಸ್ತರಣೆ ಪಡೆಯುವವರಿಗೆ ಅದು ಅನ್ವಯಿಸದೆಂಬ ವಿವರವಾದ ಲಿಖಿತ ಸ್ಪಷ್ಟೀಕರಣ ಬಂದದ್ದು ಒಂದು ತಿಂಗಳ ಮೇಲೆ. ಆ ಒಂದು ತಿಂಗಳಲ್ಲಿ ನಮ್ಮ ಬಳಗದ ಒಬ್ಬರು, ಊರಿಗೆ ಹೋದರೆ ಮರಳಲಾಗದೆಂದು ಹೆದರಿ, ತಂಗಿಯ ಮದುವೆಯನ್ನು ಫೋನಿನಲ್ಲಿ ನೋಡಿದರು. ಫಾರ್ವರ್ಡ್ ಬಂದದ್ದನ್ನು ಓದುವ ಮುನ್ನ ಮೂಲ ಪ್ರಕಟಣೆಯನ್ನು ಓದಿ ಎಂದು ನಾನು ಹೇಳಬಹುದು, ಆದರೆ ಆ ರಾತ್ರಿ ನಾನೂ ಫಾರ್ವರ್ಡನ್ನೇ ಓದುತ್ತಿದ್ದೆ.

ಮಗಳಿಗೆ ಈಗ ಹದಿನಾಲ್ಕು. ಗ್ರೀನ್ ಕಾರ್ಡ್ ಸರದಿ ಅಷ್ಟರೊಳಗೆ ಬಾರದಿದ್ದರೆ, 21 ತುಂಬಿದ ದಿನ ಅವಳ ಎಚ್-4 ಮುಗಿಯುತ್ತದೆ. ಮೂರು ಮೂರು ವರ್ಷದ ಅಳತೆಯಲ್ಲಿ ಬದುಕಿದ ನಮ್ಮ ಮನೆಯಲ್ಲಿ ಮೊದಲ ವರ್ಷ ಕೊಂಡ ಟಿವಿಯ ಖಾಲಿ ಪೆಟ್ಟಿಗೆ ಇನ್ನೂ ಇದೆ, ಊರಿಗೆ ಹೊರಡುವಾಗ ಬೇಕಾದೀತೆಂದು. ಟಿವಿ ಕೆಟ್ಟು ಹೋಗಿ ಐದು ವರ್ಷವಾಯಿತು. ಈ ಪೆಟ್ಟಿಗೆಯನ್ನು ಎಸೆಯೋಣವೇ ಎಂದು ಮಗಳು ಮೊನ್ನೆ ಇಂಗ್ಲಿಷಿನಲ್ಲಿ ಕೇಳಿದಳು. ಮಾರ್ಚಿನಲ್ಲಿ ನನ್ನ ಅರ್ಜಿ ಹೋಗಲಿ, ಆಮೇಲೆ ನೋಡೋಣ ಎಂದೆ.