ಆ್ಯಪ್ ಹೇಳಿದ ಎರಡು ಮೀಟರ್ ಅಲೆ ಎಲ್ಲಿ ಹೋಯ್ತು?

ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ. ಕತ್ತಲಲ್ಲೇ ಸರ್ಫ್ ಬೋರ್ಡ್ ಕಟ್ಟಿಕೊಂಡು ಅಲೆ ಸವಾರಿಗೆ ಹೊರಟಿದ್ದೆ. ಹಿಂದಿನ ರಾತ್ರಿ ಮಲಗುವ ಮುಂಚೆ ಅಲೆಗಳ ಮುನ್ಸೂಚನೆ ಕೊಡುವ ಆ್ಯಪ್ ನೋಡಿದ್ದೆ: ಅಲೆ 2 ಮೀಟರ್, ಗಾಳಿ ಕಮ್ಮಿ. ಇನ್ನೇನು ಬೇಕು ಅಂದುಕೊಂಡೆ. ಬೆಳಕು ಹರಿದಾಗ ನೋಡಿದರೆ ಬಂಡೆಗಳ ಪಕ್ಕ ನೀರು ಕೆರೆಯ ಹಾಗೆ ಮಲಗಿತ್ತು. ಮೊಣಕಾಲೆತ್ತರದ ಅಲೆಯೂ ಇಲ್ಲ. ಭೂಶಿರದ ತುದಿಗೆ ಹತ್ತಿ ಆಚೆ ಇಣುಕಿದೆ. ಅಲ್ಲಿ ಸಮುದ್ರ ಕುದಿಯುತ್ತಿತ್ತು.

ಆ್ಯಪ್ ಸುಳ್ಳು ಹೇಳಿರಲಿಲ್ಲ. ಅದು ಹೊರಗಿನ ಕಡಲಿನ ಲೆಕ್ಕ ಕೊಟ್ಟಿತ್ತು. ನಾನು ಅದನ್ನು ನನ್ನ ಮೂಲೆಯ ಲೆಕ್ಕ ಅಂತ ಓದಿಕೊಂಡಿದ್ದೆ.

ನನ್ನ ಆ ಮೂಲೆ ಒಂದು ಪಾಯಿಂಟ್ ಬ್ರೇಕ್. ಅಂದರೆ ನೆಲ ಕಡಲಿಗೆ ಮೂಗು ಚಾಚಿದ ಜಾಗ. ಅಲೆ ಆ ಮೂಗಿನ ತುದಿಗೆ ತಾಗಿ, ಪಕ್ಕದ ಕಲ್ಲುಗಳ ಉದ್ದಕ್ಕೂ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಮರಳಿನ ಬೀಚಿನಲ್ಲಿ ಅಲೆ ಇವತ್ತು ಇಲ್ಲಿ ಒಡೆದರೆ ಮುಂದಿನ ತಿಂಗಳು ಅಲ್ಲಿ, ಮರಳು ಸರಿದಾಡುತ್ತಲ್ವಾ. ಕಲ್ಲು ಕೂತ ಜಾಗ ಬಿಡುವುದಿಲ್ಲ. ಹಾಗಾಗಿ ಒಂದೇ ಥರದ ಸ್ವೆಲ್ (ಗಾಳಿ ಎಬ್ಬಿಸಿ, ಹೊರಗಿನ ಕಡಲಿನಿಂದ ಸಾಗಿ ಬರುವ ಅಲೆಗಳ ಸಾಲು) ಬಂದರೆ ಹೆಚ್ಚುಕಮ್ಮಿ ಒಂದೇ ಥರ ಒಡೆಯುತ್ತದೆ. (ಆಸ್ಟ್ರೇಲಿಯಾದ ಕಿರ್ರಾದಂಥ ಮರಳಿನ ಪಾಯಿಂಟ್‌ಗಳೂ ಇವೆ. ಅಲ್ಲಿ ಈ ಮಾತು ಪೂರ್ತಿ ನಡೆಯುವುದಿಲ್ಲ.) ಊಹಿಸಲು ಹೊರಟವರಿಗೆ ಇದು ದೊಡ್ಡ ಅನುಕೂಲ. ಆದರೆ ಆ ಮೂಗು ಅರ್ಧ ಕಡಲನ್ನು ಮರೆ ಮಾಡಿ ನಿಂತಿರುತ್ತದೆ ಅನ್ನುವುದನ್ನು ಮರೆಯಬಾರದು.

ಹಂತ 1: ನಿಮ್ಮ ಪಾಯಿಂಟ್‌ನ ಕಿಟಕಿ ಯಾವುದು?

ಉಪಗ್ರಹ ನಕ್ಷೆ ತೆರೆಯಿರಿ. ಪಾಯಿಂಟ್‌ನ ತುದಿಯಲ್ಲಿ ಬೆರಳಿಟ್ಟು, ಅಲ್ಲಿಂದ ಕಡಲಿನ ಕಡೆಗೆ ಗೆರೆಗಳನ್ನು ಎಳೆಯುತ್ತಾ ಹೋಗಿ. ಯಾವ ಗೆರೆಗೆ ನೆಲ, ದ್ವೀಪ ಅಡ್ಡ ಬರುವುದಿಲ್ಲವೋ ಅದೇ ನಿಮ್ಮ ಕಿಟಕಿ. ಅದರ ಎರಡೂ ಅಂಚುಗಳನ್ನು ಡಿಗ್ರಿಯಲ್ಲಿ ಬರೆದಿಟ್ಟುಕೊಳ್ಳಿ. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಸ್ವೆಲ್ ಆಗಲಿ ಗಾಳಿ ಆಗಲಿ, ಹೆಸರು ಹೇಳುವುದು ಅದು ಬರುವ ದಿಕ್ಕಿನಿಂದ. ಪಶ್ಚಿಮದ ಸ್ವೆಲ್ ಅಂದರೆ ಪಶ್ಚಿಮದಿಂದ ಬರುವುದು. ಆದರೆ ಆ್ಯಪ್‌ನ ಬಾಣ ಸಾಮಾನ್ಯವಾಗಿ ಅದು ಹೋಗುವ ಕಡೆಗೆ ಮೂತಿ ಮಾಡಿರುತ್ತದೆ. ಇಲ್ಲಿ ಎಡವದವರು ಕಮ್ಮಿ.

ಕಿಟಕಿ ಎಷ್ಟು ಮುಖ್ಯ ಅನ್ನುವುದಕ್ಕೆ ಕ್ಯಾಲಿಫೋರ್ನಿಯಾದ ರಿಂಕನ್ ಮತ್ತು ಮಾಲಿಬು ನೋಡಿ. ನೇರ ಗೆರೆ ಎಳೆದರೆ ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ. ಎರಡೂ ಹೆಸರಾಂತ ಪಾಯಿಂಟ್‌ಗಳು, ಎರಡರಲ್ಲೂ ಸವಾರಿ ಬಲಕ್ಕೆ. ಆದರೆ ರಿಂಕನ್ ಜೀವ ತಳೆಯುವುದು ಚಳಿಗಾಲದ ಪಶ್ಚಿಮದ ಸ್ವೆಲ್‌ಗೆ. ದಕ್ಷಿಣದಿಂದ ಬರುವುದನ್ನು ಎದುರಿನ ಚಾನೆಲ್ ದ್ವೀಪಗಳು ತಡೆದುಬಿಡುತ್ತವೆ. ಮಾಲಿಬು ದಕ್ಷಿಣಕ್ಕೆ ಮುಖ ಮಾಡಿದೆ, ಅದರ ಸುಗ್ಗಿ ಬೇಸಿಗೆಯಲ್ಲಿ. ಒಂದೇ ದಿನ, ಒಂದೇ ಕರಾವಳಿ, ಒಂದು ಕಡೆ ಜಾತ್ರೆ, ಇನ್ನೊಂದು ಕಡೆ ಖಾಲಿ.

ಹಂತ 2: ಎತ್ತರ ಆಮೇಲೆ, ಮೊದಲು ಪೀರಿಯಡ್

ಹೊಸಬರ ಕಣ್ಣು ನೆಟ್ಟಗೆ ಮೀಟರ್ ಅಂಕಿಗೆ ಹೋಗುತ್ತದೆ. ನಾನು ಹೇಳುವುದು, ಅದನ್ನು ಬೆರಳಿಂದ ಮುಚ್ಚಿ ಪಕ್ಕದ ಸೆಕೆಂಡ್ ಅಂಕಿ ನೋಡಿ. ಒಂದು ಅಲೆಯ ತಲೆ ದಾಟಿ ಮುಂದಿನ ಅಲೆಯ ತಲೆ ಬರುವ ತನಕ ಹಿಡಿಯುವ ಸಮಯವೇ ಪೀರಿಯಡ್.

ಆಳವಾದ ಕಡಲಿನಲ್ಲಿ ಪೀರಿಯಡ್ ಗೊತ್ತಿದ್ದರೆ ಅಲೆಯ ಉದ್ದ ಸಿಗುತ್ತದೆ. ಸೆಕೆಂಡನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.56ರಿಂದ ಗುಣಿಸಿ. 8 ಸೆಕೆಂಡಿನ ಅಲೆ ಸುಮಾರು 100 ಮೀಟರ್ ಉದ್ದ. 16 ಸೆಕೆಂಡಿನದು ಸುಮಾರು 400 ಮೀಟರ್. ಸೆಕೆಂಡು ಎರಡು ಪಟ್ಟು, ಉದ್ದ ನಾಲ್ಕು ಪಟ್ಟು. ತನ್ನ ಉದ್ದದ ಅರ್ಧಕ್ಕಿಂತ ಆಳ ಕಮ್ಮಿಯಾದಾಗ ಅಲೆಗೆ ನೆಲ ತಾಗಲು ಶುರು. ಅಂದರೆ 8 ಸೆಕೆಂಡಿನದಕ್ಕೆ 50 ಮೀಟರ್ ಆಳದಲ್ಲಿ, 16 ಸೆಕೆಂಡಿನದಕ್ಕೆ 200 ಮೀಟರ್ ಆಳದಲ್ಲೇ.

ಇದರಿಂದ ನಮಗೇನು? ನೆಲ ತಾಗಿದ ಅಲೆ ನಿಧಾನವಾಗುತ್ತದೆ. ಭೂಶಿರದ ಹತ್ತಿರದ ತುದಿ ನಿಧಾನ, ಆಳದಲ್ಲಿರುವ ತುದಿ ಇನ್ನೂ ಜೋರು. ಎತ್ತಿನ ಗಾಡಿಯ ಒಂದು ಚಕ್ರ ಕೆಸರಿಗೆ ಇಳಿದರೆ ಗಾಡಿ ಆ ಕಡೆಗೇ ಎಳೆದುಕೊಳ್ಳುತ್ತಲ್ಲ, ಹಾಗೆ ಇಡೀ ಅಲೆ ಭೂಶಿರವನ್ನು ಸುತ್ತಿಕೊಂಡು ಒಳಗೆ ಬಾಗುತ್ತದೆ. ಉದ್ದನೆಯ ಪೀರಿಯಡ್‌ನ ಅಲೆ ದೂರದಿಂದಲೇ ಬಾಗಲು ಶುರು ಮಾಡುವುದರಿಂದ ಚೆನ್ನಾಗಿ ಸುತ್ತುತ್ತದೆ. ಗಿಡ್ಡ ಪೀರಿಯಡ್‌ನದು ಮೂಗಿನ ಪಕ್ಕದಲ್ಲೇ ಹಾದು ಸುಮ್ನೆ ಮುಂದಕ್ಕೆ ಹೋಗಿಬಿಡುತ್ತದೆ.

ನನ್ನ ಆ 2 ಮೀಟರ್ ಕಥೆ ಅದೇ. ಮನೆಗೆ ಬಂದು ನೋಡಿದೆ: 7 ಸೆಕೆಂಡ್. ಹತ್ತಿರದ ಗಾಳಿ ಎಬ್ಬಿಸಿದ ಅಲೆ, ಅದೂ ಕಿಟಕಿಯ ಅಂಚಿನಿಂದ 30 ಡಿಗ್ರಿ ಆಚೆ. ಕೆಲವು ವಾರಗಳಾದ ಮೇಲೆ 1.1 ಮೀಟರ್, 16 ಸೆಕೆಂಡ್ ಅಂತ ಬಂತು. ಅಂಕಿ ಸಣ್ಣದು ಅಂತ ಹೆಚ್ಚಿನವರು ಬರಲೇ ಇಲ್ಲ. ಎದೆಯೆತ್ತರದ ಅಲೆಗಳು ಮೂಗಿನಿಂದ ಒಳಗಿನವರೆಗೆ ಒಂದೇ ಗೆರೆಯಲ್ಲಿ ಬಿಚ್ಚಿಕೊಂಡವು.

ಸೆಕೆಂಡುಗಳನ್ನು ನಾನು ಓದುವುದು ಹೀಗೆ. 8ರ ಒಳಗಿದ್ದರೆ ಪಾಯಿಂಟ್‌ಗೆ ಹೋಗುವ ಆಸೆ ಬಿಡಬಹುದು. 10ರಿಂದ 12 ಇದ್ದರೆ ದಿಕ್ಕು ನೋಡಬೇಕು. 14 ದಾಟಿದರೆ ಎತ್ತರ ಎಷ್ಟೇ ಇರಲಿ ಗಮನ ಕೊಡಿ. ಇದು ನನ್ನ ಅಂದಾಜು. ಚಿಕ್ಕ ಕಡಲುಗಳಲ್ಲಿ ಈ ಅಂಕಿಗಳನ್ನು ಇಳಿಸಿಕೊಳ್ಳಬೇಕು. ಒಂದು ಎಚ್ಚರಿಕೆ: ಕೆಲವು ಕಡೆ ಸರಾಸರಿ ಪೀರಿಯಡ್ ಕೊಡುತ್ತಾರೆ, ಕೆಲವು ಕಡೆ ಜಾಸ್ತಿ ಶಕ್ತಿ ಇರುವ ಅಲೆಯ ಪೀರಿಯಡ್, ಅಂದರೆ ಪೀಕ್ ಪೀರಿಯಡ್. ಸರಾಸರಿ ಸಾಮಾನ್ಯವಾಗಿ ಕಮ್ಮಿ ಕಾಣುತ್ತದೆ. ಎರಡನ್ನೂ ಹೋಲಿಸಲು ಹೋಗಬೇಡಿ.

ಇನ್ನು ಎತ್ತರ. ಮುನ್ಸೂಚನೆಯಲ್ಲಿ ಬರುವ ಅಂಕಿ ಎಲ್ಲ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರ. ಒಂಟಿ ಅಲೆ ಅದರ ಎರಡು ಪಟ್ಟು ತನಕ ಹೋಗಬಹುದು. ಎರಡು ಸ್ವೆಲ್ ಒಟ್ಟಿಗಿದ್ದರೆ ಎತ್ತರಗಳು ನೇರ ಕೂಡುವುದಿಲ್ಲ. 1.5 ಮೀಟರ್ ಮತ್ತು 1 ಮೀಟರ್ ಸೇರಿ ಆಗುವುದು 1.8 ಮೀಟರ್, 2.5 ಅಲ್ಲ. ಹಾಗಾಗಿ ಒಟ್ಟು ಎತ್ತರ ಬಿಟ್ಟು, ಒಂದೊಂದು ಸ್ವೆಲ್ ಬಿಡಿಸಿ ತೋರಿಸುವ ಪುಟ ಹುಡುಕಿ. ನಿಮ್ಮ ಕಿಟಕಿಗೆ ಬರುವುದನ್ನಷ್ಟೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹಂತ 3: ದಿಕ್ಕಿನ ಹತ್ತು ಡಿಗ್ರಿ

ಕಿಟಕಿಯೊಳಗೆ ಬಂದರೆ ಸಾಕು ಅಂತಲೂ ಅಲ್ಲ. ಸ್ವೆಲ್ ಭೂಶಿರಕ್ಕೆ ತೀರಾ ನೇರವಾಗಿ ಬಂದರೆ ಅಲೆಯ ಇಡೀ ಸಾಲು ಒಂದೇ ಏಟಿಗೆ ಕುಸಿದು ಬೀಳುತ್ತದೆ, ಸವಾರಿಗೆ ಜಾಗವೇ ಉಳಿಯುವುದಿಲ್ಲ. ತೀರಾ ಓರೆಯಾದರೆ ತುಂಬಾ ಬಾಗಬೇಕಾಗುತ್ತದೆ. ಬಾಗಿದಷ್ಟೂ ಎತ್ತರ ಕಳೆದುಕೊಳ್ಳುತ್ತದೆ, ಆದರೆ ಗೆರೆ ಚೊಕ್ಕಟವಾಗುತ್ತದೆ. ನಡುವೆ ಎಲ್ಲೋ ಒಂದು ಸರಿಯಾದ ಕೋನ ಇರುತ್ತದೆ. ಹತ್ತು ಡಿಗ್ರಿ ಅತ್ತಿತ್ತ ಆದರೂ ಪಾಯಿಂಟ್‌ನ ಸ್ವಭಾವ ಬದಲಾಗಬಹುದು. ಆ ಕೋನ ಯಾವುದು ಅಂತ ನಕ್ಷೆ ಹೇಳುವುದಿಲ್ಲ. ಚೆನ್ನಾಗಿದ್ದ ದಿನಗಳ ಡಿಗ್ರಿ ಬರೆದಿಡುತ್ತಾ ಬಂದರೆ ಒಂದು ಸೀಸನ್‌ನಲ್ಲಿ ತಾನಾಗಿ ಕಾಣುತ್ತದೆ.

ಹಂತ 4: ಎಷ್ಟು ಹೊತ್ತಿಗೆ ಬರುತ್ತದೆ?

ದೂರದ ಬಿರುಗಾಳಿಯಿಂದ ಹೊರಟ ಅಲೆಗಳು ಎಷ್ಟು ದೂರ ಬೇಕಾದರೂ ಬರುತ್ತವೆ. 1963ರಲ್ಲಿ ವಾಲ್ಟರ್ ಮಂಕ್ ಅನ್ನುವ ಸಾಗರ ವಿಜ್ಞಾನಿ ಮತ್ತು ಜೊತೆಗಾರರು ದಕ್ಷಿಣ ಸಾಗರದ ಬಿರುಗಾಳಿಗಳ ಅಲೆಯನ್ನು ನ್ಯೂಜಿಲೆಂಡ್, ಸಮೋವಾ, ಹವಾಯಿ ದಾಟಿಸಿ ಅಲಾಸ್ಕಾದವರೆಗೆ ಅಳೆಯುತ್ತಾ ಹಿಂಬಾಲಿಸಿದರು. ಇದೇ ಮಂಕ್ ಎರಡನೇ ಮಹಾಯುದ್ಧದಲ್ಲಿ ಸೈನ್ಯ ದಡಕ್ಕೆ ಇಳಿಯುವ ದಿನಗಳಿಗಾಗಿ ಅಲೆಗಳ ಮುನ್ಸೂಚನೆಯ ವಿಧಾನ ಕಟ್ಟಿದವರಲ್ಲಿ ಒಬ್ಬರು. ನಮ್ಮ ಆ್ಯಪ್‌ಗಳ ಬೇರು ಅಲ್ಲಿದೆ.

ಲೆಕ್ಕ ಸುಲಭ. ಸ್ವೆಲ್‌ನ ಗುಂಪು ಸಾಗುವ ವೇಗ, ನಾಟ್‌ನಲ್ಲಿ, ಪೀರಿಯಡ್‌ನ ಒಂದೂವರೆ ಪಟ್ಟು. 1 ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. 16 ಸೆಕೆಂಡಿನ ಸ್ವೆಲ್ 24 ನಾಟ್, ಅಂದರೆ ಗಂಟೆಗೆ ಸುಮಾರು 44 ಕಿಲೋಮೀಟರ್. ಬಿರುಗಾಳಿ 2000 ಕಿಲೋಮೀಟರ್ ದೂರ ಇದ್ದರೆ 45 ಗಂಟೆ. ಅದೇ ಬಿರುಗಾಳಿಯ 12 ಸೆಕೆಂಡಿನ ಅಲೆಗಳಿಗೆ 60 ಗಂಟೆ.

ಅಂದರೆ ಉದ್ದ ಪೀರಿಯಡ್‌ನವು ಮುಂಚೆ ಬರುತ್ತವೆ. ಮೊದಲ ಗಂಟೆಗಳಲ್ಲಿ ಸೆಟ್‌ಗಳ (ಒಟ್ಟಿಗೆ ಬರುವ ದೊಡ್ಡ ಅಲೆಗಳ ಗುಂಪುಗಳ) ನಡುವೆ ಇಪ್ಪತ್ತು ನಿಮಿಷ ಏನೂ ಇರದೆ ಹೋಗಬಹುದು. ಬಂದವರು ಹತ್ತು ನಿಮಿಷ ನೋಡಿ, ಬೇಸತ್ತು ವಾಪಸ್ ಹೋಗುತ್ತಾರೆ. ಹೊಸಬರು ಏಟು ತಿನ್ನುವುದೂ ಈ ಖಾಲಿ ಹೊತ್ತನ್ನು ನಂಬಿ ನೀರಿಗಿಳಿದಾಗಲೇ.

ಸ್ವೆಲ್ ಬರುವ ದಾರಿಯಲ್ಲಿ ಬೋಯ್ ಅನ್ನುವ ತೇಲುಮಾಪಕ ಇದ್ದರೆ ಅದೃಷ್ಟ. ಅದು ಹೇಳುವುದು ಊಹೆ ಅಲ್ಲ, ಆಗಲೇ ಅಳೆದದ್ದು. ಬೋಯ್ 300 ಕಿಲೋಮೀಟರ್ ಆಚೆ ಇದ್ದು, ಅಲ್ಲಿ 14 ಸೆಕೆಂಡ್ ಕಾಣಿಸಿಕೊಂಡರೆ ನಿಮ್ಮ ಕೈಯಲ್ಲಿ ಇನ್ನೂ ಏಳೆಂಟು ಗಂಟೆ ಇದೆ.

ಹಂತ 5: ಗಾಳಿ

ಒಳ್ಳೆ ಸ್ವೆಲ್ ಕೆಡಿಸಲು ಗಾಳಿಗೆ ಅರ್ಧ ಗಂಟೆ ಸಾಕು. ನೆಲದಿಂದ ಕಡಲಿಗೆ ಬೀಸುವ ಆಫ್‌ಶೋರ್ ಗಾಳಿ ಅಲೆಯ ಮುಖವನ್ನು ಎತ್ತಿ ಹಿಡಿದು ನುಣುಪು ಮಾಡುತ್ತದೆ. ಕಡಲಿಂದ ನೆಲಕ್ಕೆ ಬೀಸುವ ಆನ್‌ಶೋರ್ ಅದನ್ನು ಕೆದಕಿ ಕುಸಿಯುವಂತೆ ಮಾಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಪಾಯಿಂಟ್‌ನಲ್ಲಿ ಒಂದು ತಿರುವು ಇದೆ. ದಡವೇ ಬಾಗಿರುವುದರಿಂದ ಒಂದೇ ಗಾಳಿ ಮೂಗಿನ ತುದಿಯಲ್ಲಿ ಅಡ್ಡಗಾಳಿ, ಒಳಗೆ ಆಫ್‌ಶೋರ್. ತುದಿಯಲ್ಲಿ ನೀರು ಕದಡಿದ್ದರೆ ಒಳಗೆ ನಡೆದು ಹೋಗಿ ನೋಡಿ, ಎಷ್ಟೋ ಸಲ ಅಲ್ಲಿ ಗಾಜಿನ ಹಾಗೆ ಇರುತ್ತದೆ.

ಸ್ವೆಲ್ ತಂದ ಬಿರುಗಾಳಿಯೇ ಸರಿಯಾದ ಗಾಳಿಯನ್ನೂ ತರುವ ಪುಣ್ಯದ ಜಾಗಗಳಿವೆ. ದಕ್ಷಿಣ ಆಫ್ರಿಕಾದ ಜೆಫ್ರೀಸ್ ಬೇ ಹಾಗೆ. ನೈಋತ್ಯದ ಸ್ವೆಲ್ ಭೂಶಿರ ಸುತ್ತಿ ಒಳಗೆ ಬರುತ್ತದೆ. ಅದರ ಜೊತೆ ಬರುವ ಪಶ್ಚಿಮದ ಗಾಳಿ ಅಲ್ಲಿ ಆಫ್‌ಶೋರ್. ನಿಮ್ಮ ಪಾಯಿಂಟ್‌ಗೂ ಇಂಥ ಜೋಡಿ ಇದೆಯಾ ನೋಡಿ.

ವೇಗ ಕಣ್ಣಲ್ಲೇ ಅಳೆಯಬಹುದು. ಫ್ರಾನ್ಸಿಸ್ ಬ್ಯೂಫೋರ್ಟ್ 1805ರಲ್ಲಿ ಶುರು ಮಾಡಿದ ಗಾಳಿಯ ಅಳತೆಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಅದರ 3ನೇ ಮೆಟ್ಟಿಲು 7ರಿಂದ 10 ನಾಟ್: ಹೊರಗೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆತಲೆ. 4ನೆಯದು 11ರಿಂದ 16: ಎಲ್ಲಿ ನೋಡಿದರೂ ನೊರೆತಲೆ. ಆನ್‌ಶೋರ್ ಗಾಳಿಯಲ್ಲಿ ಈ 4ನೆಯದು ಕಂಡರೆ ನಾನು ಗಾಡಿಯಿಂದ ಇಳಿಯುವುದಿಲ್ಲ. ಆಫ್‌ಶೋರ್ ಕೂಡ ಅತಿಯಾದರೆ ಕಷ್ಟ. 20 ನಾಟ್ ದಾಟಿತು ಅಂದರೆ ಬೋರ್ಡ್ ಅಲೆಯೊಳಗೆ ಇಳಿಯುವುದೇ ಇಲ್ಲ, ಹನಿ ಕಣ್ಣಿಗೆ ರಾಚುತ್ತದೆ. ನೀವು ನೋಡುತ್ತಿರುವುದು ನಾಟಾ ಕಿಲೋಮೀಟರಾ ಅಂತಲೂ ಖಚಿತ ಮಾಡಿಕೊಳ್ಳಿ.

ಮಾಡೆಲ್‌ಗಳನ್ನು, ಅಂದರೆ ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗಳನ್ನು, ಗಾಳಿಯ ವಿಷಯದಲ್ಲಿ ಅರ್ಧ ಮಾತ್ರ ನಂಬಿ. ಅಮೆರಿಕದ ಮಾಡೆಲ್ ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಓಡುತ್ತದೆ, ಆದರೆ ಅದು ಭೂಮಿಯನ್ನು ಹಂಚಿಕೊಂಡ ಒಂದೊಂದು ಚೌಕ ಸುಮಾರು 13 ಕಿಲೋಮೀಟರ್ ಅಗಲ. ನಿಮ್ಮ ಭೂಶಿರ, ಹಿಂದಿನ ಗುಡ್ಡ, ಎರಡು ಗುಡ್ಡದ ನಡುವಿನ ಕಣಿವೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಯುರೋಪಿನ ಮಾಡೆಲ್‌ನ ಚೌಕ ಚಿಕ್ಕದು, ಸುಮಾರು 9 ಕಿಲೋಮೀಟರ್. ಎರಡೂ ಒಂದೇ ಮಾತು ಹೇಳಿದರೆ ರಜೆ ಹಾಕಬಹುದು. ಐದು ದಿನ ಮುಂಚೆ ಸ್ವೆಲ್ ಮೇಲೆ ಆಸೆ ಇಟ್ಟುಕೊಳ್ಳಿ, ಗಾಳಿಯ ಮೇಲೆ ಎರಡು ದಿನ ಮುಂಚೆ ಸಾಕು.

ಬಿಸಿಲಿನ ದಿನ ನೆಲ ಕಾದು ಹೊತ್ತೇರಿದ ಮೇಲೆ ಕಡಲ ಗಾಳಿ ಏಳುತ್ತದೆ. ರಾತ್ರಿ ನೆಲ ತಣಿದು, ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ಸರ್ಫ್ ಮಾಡುವವರು ನಾಲ್ಕಕ್ಕೆ ಏಳುವುದು ಇದಕ್ಕೇ. ಮೋಡ ಮುಚ್ಚಿದ ದಿನ ಕಡಲ ಗಾಳಿಗೆ ಬಲ ಇರುವುದಿಲ್ಲ, ಆರಾಮಾಗಿ ತಡವಾಗಿ ಹೋಗಬಹುದು.

ಹಂತ 6: ಉಬ್ಬರ ಇಳಿತ

ಇಳಿತದಲ್ಲಿ ಅಲೆ ಚುರುಕು, ಬಂಡೆ ಹತ್ತಿರ. ತುಂಬಿದ ಉಬ್ಬರದಲ್ಲಿ ಅಲೆ ದಪ್ಪ, ಸೋಮಾರಿ, ಕೆಲವು ಕಡೆ ಕಲ್ಲಿಗೆ ಬಡಿದ ನೀರು ವಾಪಸ್ ಬಂದು ಎಲ್ಲ ಕೆಡಿಸುತ್ತದೆ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಾಳೆಯ ಒಳ್ಳೆ ಹೊತ್ತು ಇವತ್ತಿಗಿಂತ ಸುಮಾರು 50 ನಿಮಿಷ ತಡ. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಹಂತ 7: ಬಂಡೆಯ ಮೇಲೆ ಅರ್ಧ ಗಂಟೆ

ಬೋರ್ಡ್ ಕೆಳಗಿಟ್ಟು ಕೂತುಕೊಳ್ಳಿ. ಅಲೆ ಒಡೆಯುವ ಜಾಗದಿಂದ ಸ್ವಲ್ಪ ಹೊರಗೆ, ಕದಲದ ಒಂದು ಗುರುತು ಹಿಡಿಯಿರಿ. ತಲೆ ಎತ್ತಿದ ಬಂಡೆ ಇದ್ದರೆ ಅದೇ ಸಾಕು. ಸೆಟ್ ಬಂದಾಗ ಮೊದಲ ಅಲೆಯ ತಲೆ ಆ ಬಂಡೆ ದಾಟುವಾಗ ವಾಚ್ ಒತ್ತಿ, ಅದಕ್ಕೆ ಸೊನ್ನೆ ಅನ್ನಿ. ಆಮೇಲೆ ಒಂದು, ಎರಡು, ಮೂರು, ನಾಲ್ಕು. ನಾಲ್ಕಕ್ಕೆ ನಿಲ್ಲಿಸಿ, ಬಂದ ಸೆಕೆಂಡನ್ನು ನಾಲ್ಕರಿಂದ ಭಾಗಿಸಿ. 56 ಬಂದರೆ 14 ಸೆಕೆಂಡ್, ನೀವು ಕಾದಿದ್ದ ಸ್ವೆಲ್ ಬಂದಿದೆ. 36 ಬಂದರೆ ಅದು ಇನ್ನೂ ದಾರಿಯಲ್ಲಿದೆ, ನೀವು ನೋಡುತ್ತಿರುವುದು ಬೇರೆ ಏನನ್ನೋ. ಎರಡು ಸೆಟ್ ನಡುವಿನ ನಿಮಿಷವನ್ನೂ ಎಣಿಸಿ. ಬಂಡೆಯಿಂದ ನೀರಿಗೆ ಹಾರುವ ಹೊತ್ತು ಅದರಿಂದಲೇ ಗೊತ್ತಾಗುವುದು. ಸೆಟ್‌ನ ಕೊನೆಯ ಅಲೆ ದಾಟಿದ ತಕ್ಷಣ.

ಮನೆಗೆ ಬಂದ ಮೇಲೆ ಒಂದು ಸಾಲು ಬರೆದಿಡಿ. ಎತ್ತರ, ಪೀರಿಯಡ್, ಡಿಗ್ರಿ, ಗಾಳಿ, ಉಬ್ಬರ, ಆಮೇಲೆ ಕಣ್ಣಿಗೆ ಕಂಡದ್ದು. ನನ್ನ ಪುಸ್ತಕದ ಮೊದಲ ಸಾಲಿನಲ್ಲಿ 2 ಮೀ., 7 ಸೆ., ಗಾಳಿ ಇಲ್ಲ ಅಂತ ಇದೆ. ಪಕ್ಕದಲ್ಲಿ ಒಂದೇ ಪದ: ಕೆರೆ.