ಗದ್ದೆಗೊಂದು ಪೈಪು, ಊರಿಗೊಂದು ಸರದಿ

ಹವಾಮಾನ ಬದಲಾವಣೆ ಬಗ್ಗೆ ಸಭೆ ಅಂದರೆ ನಮ್ಮೂರಲ್ಲಿ ಜನಕ್ಕಿಂತ ಕುರ್ಚಿಗಳೇ ಜಾಸ್ತಿ. ನೀರಿನ ಸರದಿ ಬಗ್ಗೆ ಮಾತಾಡೋಣ ಬನ್ನಿ ಅಂದರೆ ನಿಲ್ಲೋಕೂ ಜಾಗ ಸಿಗೋದಿಲ್ಲ. ಹಾಗಾಗಿ ನಾವು ಕೆಲವರು ನೀರಿನಿಂದಲೇ ಶುರು ಮಾಡಿದೆವು.

ನಮ್ಮದು ಭತ್ತ ಬೆಳೆಯುವ ಊರು. ಭೂಮಿ ಬಿಸಿಯಾಗುವುದರಲ್ಲಿ ನಮ್ಮ ಪಾಲು ಎಷ್ಟು ಅಂತ ನೋಡಿದರೆ ಗಾಡಿಗಳ ಹೊಗೆಗಿಂತ ಮೊದಲು ನೋಡಬೇಕಾದದ್ದು ಕಾಲ ಕೆಳಗಿನ ಕೆಸರು. ಗದ್ದೆಯಲ್ಲಿ ವಾರಗಟ್ಟಲೆ ನೀರು ನಿಂತರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಅಂಥ ಕಡೆ ಬದುಕುವ ಸೂಕ್ಷ್ಮಜೀವಿಗಳು ಕೊಳೆಯುವ ಬೇರು, ಹುಲ್ಲಿನಿಂದ ಮೀಥೇನ್ ಅನಿಲ ಮಾಡುತ್ತವೆ. ಅದರಲ್ಲಿ ಹೆಚ್ಚಿನ ಪಾಲು ನೀರಲ್ಲಿ ಗುಳ್ಳೆಯಾಗಿ ಏಳುವುದಿಲ್ಲ. ಭತ್ತದ ಗಿಡದ ಒಳಗಿನ ಟೊಳ್ಳಿನ ಮೂಲಕವೇ ಹೊರಗೆ ಹೋಗುತ್ತದೆ, ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಕಾರ್ಬನ್ ಡೈಆಕ್ಸೈಡ್‌ನಷ್ಟು ಬಿಸಿ ಏರಿಸುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ 80ರ ಹತ್ತಿರ ಹೋಗುತ್ತದೆ. ಆದರೆ ಅದು ಗಾಳಿಯಲ್ಲಿ ಉಳಿಯುವುದು ಸರಾಸರಿ 12 ವರ್ಷದಷ್ಟು ಮಾತ್ರ. ಅಂದರೆ ಈಗ ತಗ್ಗಿಸಿದರೆ ಅದರ ಫಲ ಮೊಮ್ಮಕ್ಕಳ ಕಾಲಕ್ಕೆ ಕಾಯಬೇಕಾಗಿಲ್ಲ. ನನ್ನನ್ನು ಎಳೆದದ್ದು ಈ ಲೆಕ್ಕವೇ.

ನಾವು ಹಿಡಿದದ್ದು ಫಿಲಿಪೈನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳಿಕೊಡುವ ದಾರಿ: ನೀರು ಕಟ್ಟುವುದು, ಇಂಗಲು ಬಿಡುವುದು, ಮತ್ತೆ ಕಟ್ಟುವುದು. ಅದಕ್ಕೆ ಬೇಕಾದ ಸಾಮಾನು ಒಂದು ಪೈಪ್ ತುಂಡು, ಅಷ್ಟೇ. ಉದ್ದ 30 ಸೆಂಟಿಮೀಟರ್, ಅಗಲ ಅಂಗೈಯಷ್ಟು, ಸುತ್ತ ತೂತು. ಬಿದಿರಾದರೂ ನಡೆಯುತ್ತದೆ. ಅರ್ಧ ಮಣ್ಣಿನೊಳಗೆ ಹೋಗುವ ಹಾಗೆ ಹೂತು, ಒಳಗಿನ ಮಣ್ಣು ತೆಗೆದರೆ ಮುಗಿಯಿತು. ನೆಲದ ಕೆಳಗೆ ನೀರು ಎಷ್ಟಿದೆ ಅಂತ ಬಗ್ಗಿ ನೋಡಬಹುದು. ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ 5 ಸೆಂಟಿಮೀಟರ್ ನಿಲ್ಲುವಷ್ಟು ಕಟ್ಟಬೇಕು. ಹೂ ಬರುವುದಕ್ಕೆ ಒಂದು ವಾರ ಮುಂಚಿನಿಂದ ಹೂ ಮುಗಿದು ಒಂದು ವಾರದ ತನಕ ಮಾತ್ರ ಒಣಗಲು ಬಿಡಬಾರದು. ಆಗ ಬಿಟ್ಟರೆ ಕಾಳು ಜೊಳ್ಳಾಗುತ್ತದೆ.

ಹೇಳುವುದು ಸುಲಭ. ನಮ್ಮ ದೊಡ್ಡಪ್ಪ ಒಬ್ಬರು ಬದುವಿನ ಮೇಲೆ ನಿಂತು, "ನೆಲ ಬಿರುಕು ಬಿಡ್ತಾ ಇದೆ, ಪೈರು ಒಣಗಿಸ್ತೀಯಲ್ಲೋ" ಅಂತ ಬೈದರು. ನಾನು ವಾದ ಮಾಡಲಿಲ್ಲ. ಒಂದು ಕಡ್ಡಿ ಕೊಟ್ಟು ಪೈಪಿನೊಳಗೆ ಬಿಡಿ ಅಂದೆ. ಮೇಲೆತ್ತಿದಾಗ ಕಡ್ಡಿಯ ತುದಿ ಒದ್ದೆ, ಕೆಸರು ಮೆತ್ತಿತ್ತು. ಬೆರಳಲ್ಲಿ ಒರೆಸಿ ನೋಡಿದರು, ಇನ್ನೊಂದು ಪೈಪಿನ ಹತ್ತಿರ ಹೋಗಿ ಅಲ್ಲೂ ಬಿಟ್ಟು ನೋಡಿದರು. ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆಮೇಲೆ ತಮ್ಮ ಗದ್ದೆಗೂ ಒಂದು ಕೇಳಿದರು.

ಇದು ಒಬ್ಬನಿಂದ ಆಗುವ ಕೆಲಸ ಅಲ್ಲ. ಮೇಲಿನ ಗದ್ದೆಯಲ್ಲಿ ನೀರು ತುಂಬಿದ್ದರೆ ಅದು ಬಸಿದು ಕೆಳಗಿನದಕ್ಕೆ ಬಂದೇ ಬರುತ್ತದೆ. ನೀವೊಬ್ಬರೇ ಒಣಗಿಸುತ್ತೇನೆ ಅಂದರೆ ಹೇಗೆ? ಒಂದು ತೂಬಿನ ಕೆಳಗಿನವರೆಲ್ಲ ಸೇರಲೇಬೇಕು. ಕಾಲುವೆ ತಲೆಯಲ್ಲಿ ಇರುವವರಿಗೆ ನೀರು ಉಳಿಸುವ ಗರಜೇ ಇಲ್ಲ, ಕೊನೆಯಲ್ಲಿ ಇರುವವರಿಗೆ ಉಳಿಸಲು ನೀರೇ ಇಲ್ಲ. ಹಾಗಾಗಿ ಕೊಡು-ಕೊಳ್ಳು ಮಾಡಿಕೊಂಡೆವು. ಕಾಲುವೆ ಹೂಳೆತ್ತುವ ಕೆಲಸಕ್ಕೆ ಕೊನೆಯವರು ಹೆಚ್ಚು ಆಳು ಕೊಡುವುದು. ತಲೆಯವರು ಪೈಪ್ ನೋಡಿ ಸರದಿ ಬಿಟ್ಟುಕೊಡುವುದು. ನನ್ನ ಪ್ರಕಾರ ಪೈಪಿನ ನಿಜವಾದ ಉಪಯೋಗ ಇದೇ. "ನನ್ನ ಗದ್ದೆ ಒಣಗಿದೆ" ಅಂತ ಯಾರೂ ಸುಮ್ನೆ ಹೇಳುವ ಹಾಗಿಲ್ಲ, ಹೋಗಿ ನೋಡಿದರೆ ಗೊತ್ತಾಗುತ್ತದೆ. ಜಗಳ ನಿಲ್ಲಲಿಲ್ಲ, ಕಡಿಮೆ ಆಯಿತು. ಪಂಪ್ ಇಟ್ಟವರಿಗೆ ಡೀಸೆಲ್ ಉಳಿಯಿತು. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಅಂತ ನಾನು ಹೇಳಿದ್ದು ಯಾರ ತಲೆಗೂ ಹೋಗಲಿಲ್ಲ. ಲೀಟರ್ ಉಳಿದದ್ದು ಮಾತ್ರ ತಲೆಗೆ ಹೋಯಿತು. ನನಗೆ ಅಷ್ಟು ಸಾಕು.

ಇಂಗ್ಲೆಂಡಿನ ಆಷ್ಟನ್ ಹೇಯ್ಸ್ ಎಂಬ ಸಾವಿರ ಜನರ ಹಳ್ಳಿಯವರು 2006ರಲ್ಲಿ ಊರಿನ ಇಂಗಾಲ ಇಳಿಸಲು ಹೊರಟಾಗ ರಾಜಕಾರಣಿಗಳ ಭಾಷಣವನ್ನು ದೂರ ಇಟ್ಟಿದ್ದರಂತೆ. ಅದು ನನಗೆ ಬಹಳ ಹಿಡಿಸಿತು. ನಾವೂ ವೇದಿಕೆ, ಮೈಕು ಹಾಕಲಿಲ್ಲ.

ಎರಡು ಎಚ್ಚರಿಕೆ ಹೇಳಲೇಬೇಕು. ನೀರು ಕಡಿಮೆ ಆದರೆ ಕಳೆ ಜಾಸ್ತಿ. ಕಳೆ ಕೀಳುವವರು ಹೆಂಗಸರು, ನಿರ್ಧಾರ ಮಾಡುವವರು ಗಂಡಸರು ಅಂತ ಆದರೆ ಇಡೀ ಹೊರೆ ಅವರ ಬೆನ್ನಿಗೆ ಬೀಳುತ್ತದೆ. ಅದಕ್ಕೇ ಮೊದಲು ಅವರನ್ನೇ ಕೇಳಿದೆವು. ಅವರು ಹಾಕಿದ ಷರತ್ತು ನೇರವಾಗಿತ್ತು: ನಾಟಿಯಾದ ಮೇಲೆ ಎರಡು ಮೂರು ವಾರ ಗದ್ದೆಯಲ್ಲಿ ನೀರು ನಿಂತೇ ಇರಬೇಕು, ಕಳೆ ಏಳಬಾರದು, ಆಮೇಲೆ ಸಾಲಿನಲ್ಲಿ ತಳ್ಳುವ ಕಳೆ ಯಂತ್ರ ಎಲ್ಲರಿಗೂ ಸೇರಿ ಕೊಳ್ಳಬೇಕು. ಯಂತ್ರ ಬಂದ ಮೇಲೇ ಮುಂದಿನ ಮಾತು.

ಇನ್ನೊಂದು ಯೂರಿಯಾ. ಒಣಗಿಸಿ ನೆನೆಸುವ ಗದ್ದೆಗೆ ಕೈಗೆ ಬಂದಷ್ಟು ಯೂರಿಯಾ ಎರಚಿದರೆ ನೈಟ್ರಸ್ ಆಕ್ಸೈಡ್ ಏಳುತ್ತದೆ. ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಏರಿಸುವ ಅನಿಲ. ಮೀಥೇನ್‌ನಲ್ಲಿ ಉಳಿಸಿದ್ದನ್ನು ಇಲ್ಲಿ ಕಳೆದುಕೊಂಡ ಹಾಗೆ ಅಲ್ವಾ? ಹಾಗಾಗಿ ಬೇಕಾದಷ್ಟೇ, ಅದೂ ನೀರು ಬಿಡುವುದಕ್ಕೆ ಸ್ವಲ್ಪ ಮುಂಚೆ ಒಣ ನೆಲಕ್ಕೆ ಹಾಕುತ್ತೇವೆ. ಗೊಬ್ಬರ ನೀರಿನ ಜೊತೆ ಬೇರಿಗೆ ಇಳಿಯುತ್ತದೆ.

ಇಳುವರಿ ಬೀಳಲಿಲ್ಲ. ಅದು ಬಿದ್ದಿದ್ದರೆ ಯಾರೂ ಮುಂದುವರಿಸುತ್ತಿರಲಿಲ್ಲ, ನಾನೂ ಸೇರಿ.

ಈಗ ಮಾತು ನಡೆಯುತ್ತಿರುವುದು ಭತ್ತದ ಹುಲ್ಲಿನ ಬಗ್ಗೆ. ಸುಟ್ಟರೆ ಹೊಗೆ. ಹಸಿ ಹುಲ್ಲನ್ನು ನೀರು ತುಂಬಿದ ಗದ್ದೆಗೆ ಉತ್ತರೆ ಮೀಥೇನ್ ಹೆಚ್ಚುತ್ತದೆ. ಕೊಯ್ಲಾದ ಕೂಡಲೇ ನೆಲ ಒಣಗಿರುವಾಗ ಉತ್ತು ಬಿಟ್ಟರೆ ಅದು ಗಾಳಿಯಲ್ಲೇ ಕೊಳೆಯುತ್ತದೆ. ಆದರೆ ಕೊಯ್ಲು ಎಲ್ಲರದ್ದೂ ಒಟ್ಟಿಗೆ, ಟ್ರಾಕ್ಟರ್ ಕೆಲವರ ಹತ್ತಿರ ಮಾತ್ರ. ನೀರಿನ ಹಾಗೇ ಟ್ರಾಕ್ಟರಿಗೂ ಸರದಿ ಪಟ್ಟಿ ಬರೆಯುತ್ತಿದ್ದೇವೆ. ಈ ಸಲ ಕಾಲುವೆ ಕೊನೆಯವರ ಹೆಸರು ಮೊದಲು.