24ರ ಸಂಜೆ ಒಲೆ ಮೇಲೆ ಬಾಣಲೆ ಇರಬಾರದು

ಮದುವೆಯಾಗಿ ಮಂಗಳೂರಿನ ಈ ಮನೆಗೆ ಬಂದ ಮೊದಲ ವರ್ಷದ ಮಾತು. ಡಿಸೆಂಬರ್ 24ರ ಸಂಜೆ ಆರು ಗಂಟೆಗೂ ನಾನು ಚಕ್ಕುಲಿ ಕರಿಯುತ್ತಿದ್ದೆ. ಗಡಿಬಿಡಿಯಲ್ಲಿ ಮಿಂದು, ಸೀರೆ ಸುತ್ತಿಕೊಂಡು ಚರ್ಚಿಗೆ, ಕ್ರಿಸ್ಮಸ್ ರಾತ್ರಿಯ ಪೂಜೆಗೆ ಹೋದೆ. ಫಾದರ್ ಬಾಲಯೇಸುವಿನ ಬೊಂಬೆಯನ್ನು ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ತೆಗೆದುಕೊಂಡು ಹೋಗುವ ಹೊತ್ತಿಗೆ ನಾನು ಬೆಂಚಿಗೆ ಒರಗಿ ನಿದ್ದೆ ಹೋಗಿದ್ದೆ. ಇಡೀ ವರ್ಷ ಕಾದ ಗಳಿಗೆ ಕಣ್ಣೆದುರೇ ಹೋಯಿತು. ಮನೆಗೆ ಬಂದು ಅತ್ತೆಯ ಹತ್ತಿರ ಅತ್ತುಬಿಟ್ಟೆ. ಅವರನ್ನು ನಾವು ಮಾಂಯ್ ಅಂತ ಕರೆಯುತ್ತಿದ್ದೆವು. ಮಾಂಯ್ ಬೈಯಲಿಲ್ಲ. "ನಾಲ್ಕು ಆದಿತ್ಯವಾರ ಉಂಟಲ್ಲ, ಬರುವ ವರ್ಷ ಒಂದೊಂದಕ್ಕೆ ಒಂದೊಂದು ಕೆಲಸ ಕಟ್ಟು" ಅಂದರು. ಅವತ್ತಿನಿಂದ ನಾನು ಹಾಗೇ ಮಾಡಿಕೊಂಡು ಬಂದಿದ್ದೇನೆ. ಈಗ ಸೊಸೆಯಂದಿರು, ನೆರೆಮನೆಯ ಹುಡುಗಿಯರು ಕೇಳುತ್ತಾರೆ. ಕೆಲಸಕ್ಕೂ ಹೋಗಿ ಹಬ್ಬವನ್ನೂ ಮಾಡುವವರಿಗೆ ಇದು ಜಾಸ್ತಿ ಬೇಕು ಅಂತ ಬರೆಯುತ್ತಿದ್ದೇನೆ.

ಮೊದಲು ಕ್ಯಾಲೆಂಡರ್ ನೋಡಿ. ಆಗಮನ ಕಾಲ, ಅಂದರೆ ಕ್ರಿಸ್ಮಸ್ಸಿಗೆ ಮೊದಲು ನಾಲ್ಕು ಆದಿತ್ಯವಾರ ತಯಾರಾಗುವ ಕಾಲ, ಎಲ್ಲಾ ವರ್ಷ ಒಂದೇ ಉದ್ದ ಇರುವುದಿಲ್ಲ. ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ ಆದಿತ್ಯವಾರ ಅದು ಶುರು. ಕ್ರಿಸ್ಮಸ್ ಆದಿತ್ಯವಾರವೇ ಬಂದರೆ ನಮಗೆ 28 ದಿನ ಸಿಗುತ್ತದೆ. ಸೋಮವಾರ ಬಂದರೆ ಬರೀ 22. 2023ರಲ್ಲಿ ಹಾಗೇ ಆಯಿತು, ನಾಲ್ಕನೇ ಆದಿತ್ಯವಾರವೇ 24ನೇ ತಾರೀಕು. ಬೆಳಿಗ್ಗೆ ಆದಿತ್ಯವಾರದ ಪೂಜೆ, ಸಂಜೆ ಹಬ್ಬದ ಪೂಜೆ. ನಾಲ್ಕನೇ ವಾರಕ್ಕೆ ಅಂತ ಕೆಲಸ ಇಟ್ಟುಕೊಂಡವರು ಒದ್ದಾಡಿದರು. 2028ರಲ್ಲೂ ಕ್ರಿಸ್ಮಸ್ ಸೋಮವಾರವೇ, ಈಗಲೇ ಬರೆದಿಟ್ಟುಕೊಳ್ಳಿ.

ಮೊದಲ ವಾರ ಒಲೆ ಹತ್ತಿಸಬೇಡಿ. ಅದು ಡಬ್ಬಗಳ ವಾರ. ಅಟ್ಟದಿಂದ ಬಿಸ್ಕೆಟ್ ಡಬ್ಬಗಳನ್ನು ಇಳಿಸಿ ತೊಳೆದು ಎರಡು ದಿನ ಬಿಸಿಲಿಗಿಡಿ. ಮುಚ್ಚಳ ಸಡಿಲ ಇದ್ದರೆ ಈಗಲೇ ಗೊತ್ತಾಗಲಿ. ನಮ್ಮ ಊರಿನ ಗಾಳಿಯಲ್ಲಿ ನೀರಿನ ಅಂಶ ಜಾಸ್ತಿ, ಸಡಿಲ ಡಬ್ಬದಲ್ಲಿಟ್ಟ ಕುಸ್ವಾರ್, ಅಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳು, ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ ಹಿಟ್ಟು ಮಾಡಿಸುವುದೂ ಇದೇ ವಾರ ಆಗಲಿ. 15ನೇ ತಾರೀಕಿನ ಮೇಲೆ ಮಿಲ್ಲಿನಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ರೋಸ್ ಕುಕೀಸಿನ ಅಚ್ಚು ಹೊರಗೆ ತೆಗೆದು ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಿ. ವರ್ಷ ಪೂರ್ತಿ ಸುಮ್ನೆ ಮಲಗಿದ ಅಚ್ಚಿಗೆ ಹಿಟ್ಟು ಅಂಟಿಕೊಂಡು ಬಿಡುತ್ತದೆ. ಕೇಕಿಗೆ ದ್ರಾಕ್ಷಿ, ಖರ್ಜೂರ ರಮ್ಮಿನಲ್ಲಿ ನೆನೆಸುವುದಂತೂ ಅಕ್ಟೋಬರ್ ಕೆಲಸ. ಮರೆತಿದ್ದರೆ ಈಗಲಾದರೂ ನೆನೆಸಿ.

ಎರಡನೇ ವಾರ ಬಾಳಿಕೆ ಬರುವ ತಿಂಡಿಗಳು. ತುಕ್ಡಿ (ಶಂಕರಪೋಳಿಯಂಥದ್ದು), ಚಕ್ಕುಲಿ, ಕಿಡಿಯೊ. ಒಂದೇ ದಿನ ಎರಡು ಬಗೆ ಕರಿಯಲು ಹೋಗಬೇಡಿ. ಮೊದಲನೆಯದು ಚೆನ್ನಾಗಿ ಬರುತ್ತದೆ, ಎರಡನೆಯದರ ಹೊತ್ತಿಗೆ ಎಣ್ಣೆಯೂ ಸೋತಿರುತ್ತದೆ, ನಾವೂ ಸೋತಿರುತ್ತೇವೆ.

ಕಿಡಿಯೊ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇಡೀ ಆಗಮನ ಕಾಲದಲ್ಲಿ ನನಗೆ ತುಂಬಾ ಇಷ್ಟದ ಸಂಜೆ ಅದು. ಅರ್ಧ ಕಿಲೋ ಮೈದಾ, ಎರಡು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು. ಒಂದು ತೆಂಗಿನಕಾಯಿಯ ದಪ್ಪ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ತೇರ್ಸ್, ಅಂದರೆ ಸಂಜೆಯ ಜಪಮಾಲೆ ಪ್ರಾರ್ಥನೆ, ಮುಗಿದ ಮೇಲೆ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ. ಇದಕ್ಕೆಂದೇ ಇಟ್ಟ ಹೊಸ ಬಾಚಣಿಗೆಗಳಿರಬೇಕು, ತಲಾ ಒಂದು. ಗೋಲಿಗಿಂತ ಚಿಕ್ಕ ಉಂಡೆ ಬಾಚಣಿಗೆ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ, ಹಾಗೇ ಸುರುಳಿ ಸುತ್ತಿ ಬಿಡಬೇಕು. ಮೈಮೇಲೆ ಗೆರೆ ಗೆರೆ ಮೂಡಿ ಪುಟ್ಟ ಹುಳದ ಹಾಗೆ ಕಾಣುತ್ತದೆ. ಕೊಂಕಣಿಯಲ್ಲಿ ಕಿಡಿಯೊ ಅಂದರೆ ಹುಳಗಳು ಅಂತಲೇ. ಚಿಕ್ಕ ಮೊಮ್ಮಗನ ಕಿಡಿಯೊ ಒಂದೊಂದು ಹೆಬ್ಬೆರಳಿನಷ್ಟು ದಪ್ಪ. ಅವನ್ನು ಬಿಚ್ಚಿ ಮತ್ತೆ ಮಾಡಬೇಡಿ, ಹಾಗೇ ಇರಲಿ. ಆದರೆ ಬೇರೆಯಾಗಿ, ಸಣ್ಣ ಉರಿಯಲ್ಲಿ ಕರಿಯಿರಿ, ಇಲ್ಲದಿದ್ದರೆ ಒಳಗೆ ಬೇಯುವುದಿಲ್ಲ. ಕರಿದದ್ದು ಪೂರ್ತಿ ಆರಿದ ಮೇಲೆ ಸಕ್ಕರೆಯ ಗಟ್ಟಿ ಪಾಕ ಸುರಿದು, ಬಿಳಿ ಪುಡಿ ಕಟ್ಟುವವರೆಗೆ ಕೈ ಬಿಡದೆ ಮಗುಚಬೇಕು.

ನಾಲ್ಕು ಜನ ಕೂತರೆ ಒಂದೂವರೆ ಗಂಟೆ ಹಿಡಿಯುತ್ತದೆ. ಎಲ್ಲರ ಕೈಯಲ್ಲೂ ಹಿಟ್ಟು, ಯಾರೂ ಮೊಬೈಲ್ ಮುಟ್ಟುವ ಹಾಗಿಲ್ಲ. ನನ್ನ ಗಂಡ ತಮ್ಮ ಬಾಲ್ಯದ ಕಥೆ ಹೇಳುವುದು ಆ ಒಂದೂವರೆ ಗಂಟೆಯಲ್ಲಿ. ಬೇರೆ ದಿನ ಕೇಳಿದರೆ ಅವರಿಗೆ ಏನೂ ನೆನಪಾಗುವುದಿಲ್ಲ. ಈಗ ಒಳ್ಳೆಯ ಕುಸ್ವಾರ್ ಅಂಗಡಿಯಲ್ಲಿ ಸಿಗುತ್ತದೆ, ತನ್ನಿ, ತಪ್ಪೇನಿಲ್ಲ. ರಜೆ ಇಲ್ಲದವರು ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಅಂತ ಹಟ ಹಿಡಿಯಬೇಡಿ. ಆದರೆ ಕಿಡಿಯೊ ಒಂದನ್ನು ಮಾತ್ರ ಮನೆಯಲ್ಲೇ ಮಾಡಿ.

ಮೂರನೇ ವಾರ ಕೇಕ್ ಮತ್ತು ರೋಸ್ ಕುಕೀಸ್. ಕೇಕ್ ಹತ್ತು ದಿನ ಕೂತರೆ ರುಚಿ ಏರುತ್ತದೆ, ಹಾಗಾಗಿ ಅವಸರ ಬೇಡ, ತಡವೂ ಬೇಡ. ರೋಸ್ ಕುಕೀಸಿಗೆ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು. ಹಿಟ್ಟಿನಲ್ಲಿ ಅಚ್ಚಿನ ಮುಕ್ಕಾಲು ಭಾಗ ಮಾತ್ರ ಮುಳುಗಿಸಿ. ಮೇಲೆ ಹಿಟ್ಟು ಹತ್ತಿದರೆ ಹೂವು ಬಿಟ್ಟುಕೊಳ್ಳುವುದಿಲ್ಲ. ನೆವ್ರಿ (ಕರ್ಜಿಕಾಯಿ), ಲಾಡು ಕೊನೆಯ ವಾರಕ್ಕಿರಲಿ. ನೆವ್ರಿಗೆ ಹಸಿ ಕಾಯಿತುರಿ ಹಾಕಬೇಡಿ. ಹುರಿದ ಎಳ್ಳು, ಒಣ ಕೊಬ್ಬರಿ, ಸಕ್ಕರೆ, ಏಲಕ್ಕಿ ಸಾಕು. ಹಸಿ ತುರಿಯದ್ದು ಬೇಗ ಕಮಟಾಗುತ್ತದೆ.

ಅಡುಗೆಮನೆಯದ್ದೇ ಹೇಳುತ್ತಾ ಕೂತೆ. ಆಗಮನ ಕಾಲ ಇರುವುದು ಕುಸ್ವಾರಿಗಾಗಿ ಅಲ್ಲ ಅಲ್ವಾ? ಊಟದ ಮೇಜಿನ ಮೇಲೆ ನಾಲ್ಕು ಮೇಣದ ಬತ್ತಿ ಇಡಿ. ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದ್ದು ಮೂರನೇ ಆದಿತ್ಯವಾರ ಹಚ್ಚುವುದು. ಬತ್ತಿ ಹಚ್ಚಿ ಬೈಬಲಿನಿಂದ ಆ ದಿನದ ಶುಭಸಂದೇಶ ಓದಿ, ಮಕ್ಕಳ ಕೈಯಲ್ಲಿ ಓದಿಸಿ. ಹತ್ತು ನಿಮಿಷ ಸಾಕು. ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ನಮ್ಮ ತಪ್ಪು ಹೇಳಿಕೊಳ್ಳುವುದಕ್ಕೆ, ಎರಡನೇ ವಾರವೇ ಹೋಗಿ ಬನ್ನಿ. 23ಕ್ಕೆ ಹೋದರೆ ಸಾಲು ಬಾಗಿಲು ದಾಟಿರುತ್ತದೆ. ಹಿಂದೆ ನಿಂತವರ ಮುಖ ನೋಡಿ ನಾವೂ ಅವಸರದಲ್ಲಿ ಹೇಳಿ ಎದ್ದು ಬರುತ್ತೇವೆ. ವರ್ಷದ ಭಾರ ಇಳಿಸುವ ಕೆಲಸ ಹಾಗೆ ಮಾಡುವಂಥದ್ದಲ್ಲ.

ಗೋದಲಿಗೆ ತಾರೀಕು ಲೆಕ್ಕ ಹಾಕಲೇಬೇಕು, ಯಾಕೆಂದರೆ ಹಸಿರು ನಮ್ಮ ಅವಸರಕ್ಕೆ ಬೆಳೆಯುವುದಿಲ್ಲ. 12ರ ರಾತ್ರಿ ರಾಗಿ ನೆನೆಹಾಕಿ. 13ಕ್ಕೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. 14ಕ್ಕೆ ಮೊಳಕೆ ಇಣುಕುತ್ತದೆ, ತಟ್ಟೆಯಲ್ಲಿ ಮಣ್ಣು ಹರಡಿ ಅದರ ಮೇಲೆ ಒತ್ತೊತ್ತಾಗಿ ಚೆಲ್ಲಿ. ಎರಡು ದಿನ ಕತ್ತಲಲ್ಲಿಟ್ಟು ಆಮೇಲೆ ಬೆಳಕಿಗೆ ತನ್ನಿ. ನೀರು ಸುರಿಯಬೇಡಿ, ಕೈಯಿಂದ ಚಿಮುಕಿಸಿ. 24ಕ್ಕೆ ಮೂರು ನಾಲ್ಕು ಬೆರಳು ಎತ್ತರದ ಹಸಿರು ಗದ್ದೆ ತಯಾರು. ಭತ್ತವೂ ಆಗುತ್ತದೆ, ಆದರೆ ಸಣ್ಣ ಗೋದಲಿಗೆ ರಾಗಿಯೇ ಚೆಂದ. ನೀರು ಚಿಮುಕಿಸುವ ಕೆಲಸ ಮಕ್ಕಳಿಗೆ ಕೊಡಿ. ದಿನಾ ಬೆಳಿಗ್ಗೆ ಎದ್ದು ಎಷ್ಟು ಬೆಳೆಯಿತು ಅಂತ ಓಡಿ ಹೋಗಿ ನೋಡುತ್ತಾರೆ.

ಲೈಟು, ಕಾರಂಜಿ, ತಿರುಗುವ ಗಿರಣಿಗೆ ಮೂರು ರಾತ್ರಿ ನಿದ್ದೆಗೆಡಬೇಡಿ ಅಂತ ನನ್ನ ಮಗನಿಗೂ ಹೇಳುತ್ತೇನೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಗೋದಲಿ ಮಾಡಿಸಿದಾಗ ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ನಮ್ಮ ಮನೆಯದ್ದೂ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಬಾಲಯೇಸುವನ್ನು ಮಾತ್ರ 24ರ ರಾತ್ರಿಯವರೆಗೆ ಇಡುವುದಿಲ್ಲ. ಖಾಲಿ ಹುಲ್ಲು ನೋಡಿ ಮಕ್ಕಳು ಕೇಳಬೇಕು, ಕಾಯಬೇಕು.

ಹೀಗೆಲ್ಲಾ ಮೊದಲೇ ಮುಗಿಸಿದರೆ 20ರ ಮೇಲಿನ ದಿನಗಳು ನಿಮ್ಮ ಕೈಯಲ್ಲಿರುತ್ತವೆ. ಆ ದಿನಗಳಲ್ಲಿ ತಟ್ಟೆ ಹಿಡಿದು ಹೊರಡಿ. ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳಿಗೆ ಕುಸ್ವಾರ್ ಹೋಗುತ್ತದೆ, ದೀಪಾವಳಿಗೆ, ಈದಿಗೆ ಅವರ ತಿಂಡಿ ನಮ್ಮಲ್ಲಿಗೆ ಬಂದಿರುತ್ತದಲ್ಲ. ಆದರೆ ಎಲ್ಲಕ್ಕಿಂತ ಮೊದಲು ಆ ವರ್ಷ ಸಾವಾದ ಮನೆಗೆ ಹೋಗಿ. ನಮ್ಮ ಕಡೆ ಅವರು ಕುಸ್ವಾರ್ ಮಾಡುವುದಿಲ್ಲ. ಅವರಿಗೆ ಒಂದು ಡಬ್ಬ ಬೇರೆಯೇ ತೆಗೆದಿಡಿ. ಬಾಗಿಲಲ್ಲಿ ಕೊಟ್ಟು ಓಡಬೇಡಿ, ಅರ್ಧ ಗಂಟೆ ಕೂತು ಹೋದವರ ಬಗ್ಗೆ ಮಾತಾಡಿ. ಮಾಂಯ್ ತೀರಿಹೋದ ವರ್ಷ ನಮ್ಮ ಅಡುಗೆಮನೆ ಡಿಸೆಂಬರಿನಲ್ಲಿ ತಣ್ಣಗಿತ್ತು. ಎದುರುಮನೆಯಾಕೆ ಕಿಡಿಯೊ ತಂದು, "ಇದು ಅವರೇ ನನಗೆ ಕಲಿಸಿದ್ದು" ಅಂದಳು. ಅವತ್ತು ಇಬ್ಬರೂ ಕೂತು ತುಂಬಾ ಹೊತ್ತು ಅತ್ತೆವು.

ಇನ್ನೊಂದು ಮಾತು. 26ಕ್ಕೇ ಗೋದಲಿ ಬಿಚ್ಚಬೇಡಿ. ಕ್ರಿಸ್ಮಸ್ ಕಾಲ 25ಕ್ಕೆ ಶುರುವಾಗುತ್ತದೆ, ಮುಗಿಯುವುದಲ್ಲ. ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಹಬ್ಬ ದಾಟಿ, ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಅದು ಇರುತ್ತದೆ. ಗಲ್ಫಿನಿಂದ ಬಂದ ಮಕ್ಕಳು ಮನೆಯಲ್ಲಿರುವುದು ಆಗಲೇ. ಆ ದಿನಗಳಲ್ಲಿ ದೊಡ್ಡ ಅಡುಗೆ ಇಟ್ಟುಕೊಳ್ಳಬೇಡಿ. ಸಣ್ಣಾ (ಹಬೆಯಲ್ಲಿ ಬೇಯಿಸಿದ ಇಡ್ಲಿಯಂಥದ್ದು), ಉಳಿದ ಸಾರು, ಡಬ್ಬದಲ್ಲಿರುವ ತಿಂಡಿ ಸಾಕು. ಅವರ ಜೊತೆ ಸುಮ್ನೆ ಕೂತಿರಿ.

ಆಮೇಲೆ ಒಂದು ಮಧ್ಯಾಹ್ನ ಬೊಂಬೆಗಳನ್ನು ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತೇನೆ. ಎಲ್ಲಕ್ಕಿಂತ ಮೇಲೆ ಬರುವ ವರ್ಷಕ್ಕೆ ಒಂದು ಚೀಟಿ. ಈ ಸಲ ಬರೆದದ್ದು ಹೀಗೆ: "ಕುರಿಯ ಒಂದು ಕಾಲು ಅಂಟಿಸಬೇಕು. ಬಾಚಣಿಗೆ ಇನ್ನೊಂದು ಬೇಕು, ಪಾಪು ಬರುವ ವರ್ಷ ಮೇಜಿಗೆ ಕೂರುತ್ತಾಳೆ."